ಕಾಲಡಿಯ ನೆಲ: ರಾಯಚೂರು ಸೀಮೆಯ ಮಣ್ಣಿನ ಚರಿತ್ರೆ

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯ ಇತಿಹಾಸವನ್ನು ಓದಿದವರಿಗೆ ಅದು ಯುದ್ಧಗಳ ಇತಿಹಾಸವೆಂದೇ ತೋರುವುದು ಸಹಜವಾಗಿದೆ. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಈ ಎರಡು ಹೊಳೆಗಳ ನಡುವಣ ನಾಡಿಗಾಗಿ ತಲೆತಲಾಂತರದಿಂದ ಕಾದಾಡಿದರು. ಬಹಮನಿ ರಾಜ್ಯವು ಒಡೆದ ಮೇಲೆ ಬಿಜಾಪುರದ ಆದಿಲಶಾಹಿಗಳು ಆ ಹೋರಾಟವನ್ನು ಮುಂದುವರಿಸಿದರು. ಆದರೆ ಅವರೆಲ್ಲರೂ ಯಾವ ನೆಲಕ್ಕಾಗಿ ಹೊಡೆದಾಡಿದರೋ ಆ ನೆಲವು ಎಂತಹುದು, ಅದರ ಗುಣವೇನು, ಅವಗುಣವೇನು ಎಂಬ ಪ್ರಶ್ನೆಯನ್ನು ನಮ್ಮ ಇತಿಹಾಸದ ಪುಸ್ತಕಗಳು ಕೇಳುವುದು ಅಪೂರ್ವ. ಈ ಹೊತ್ತು ನಾವು ಶ್ರೋತೃಗಳ ಮುಂದಿಡಬೇಕೆಂದಿರುವುದು ಆ ಪ್ರಶ್ನೆಯನ್ನೇ. ಇದು ಕೇವಲ ಕುತೂಹಲದ ವಿಷಯವಲ್ಲ. ರಾಯಚೂರಿನ ಹೊಸ ಬಡಾವಣೆಯಲ್ಲಾಗಲಿ, ಗುಂಜಹಳ್ಳಿಯಂತಹ ಗ್ರಾಮದಲ್ಲಾಗಲಿ, ದೇವದುರ್ಗ ಮಾನ್ವಿಗಳ ಕಡೆಯಲ್ಲಾಗಲಿ ಒಬ್ಬ ಗೃಹಸ್ಥನು ತನ್ನ ಆಯುಷ್ಯದ ಗಳಿಕೆಯನ್ನೆಲ್ಲ ಸುರಿದು ಒಂದು ಮನೆ ಕಟ್ಟಿ, ಅದರ ಹಿಂದೆ ಒಂದು ಶೌಚದ ಗುಂಡಿ ತೆಗೆಸಿ, ಮುಂದೆ ನಾಲ್ಕು ಗಿಡಗಳನ್ನು ನೆಟ್ಟಾಗ, ಆ ಮೂರೂ ನಿಲ್ಲುವುದೂ ಕೆಡುವುದೂ ಈ ಪ್ರಶ್ನೆಗೆ ಅವನು ಕೊಟ್ಟುಕೊಂಡ ಉತ್ತರವನ್ನೇ ಅವಲಂಬಿಸಿದೆ.

ಈ ಸೀಮೆಯ ಒಕ್ಕಲಿಗನು ನೆಲವನ್ನು ಮುಖ್ಯವಾಗಿ ಮೂರು ಹೆಸರುಗಳಿಂದ ಕರೆಯುತ್ತಾನೆ: ಎರೆ, ಮಸಾರಿ, ಸವುಳು. ಎರೆಯೆಂದರೆ ಕಪ್ಪು ಜೇಡಿ ನೆಲ. ಮಸಾರಿಯೆಂದರೆ ಮರಳು ಬೆರೆತ ಕೆಂಪು ನೆಲ. ಸವುಳೆಂದರೆ ಉಪ್ಪು ಹತ್ತಿದ ನೆಲ. ಇವುಗಳ ಕೆಳಗೆ ಎಲ್ಲೋ ಒಂದು ಆಳದಲ್ಲಿ ಕೊಳೆತ ಕಲ್ಲಿನ ಗಟ್ಟಿಯಾದ ಗರಸು ದೊರೆಯುತ್ತದೆ. ಕಪ್ಪು ಮಣ್ಣೆಲ್ಲವೂ ಅಗ್ನಿಶಿಲೆಯಾದ ಬಸಾಲ್ಟಿನಿಂದಲೇ ಹುಟ್ಟಿತೆಂಬ ಭಾವನೆ ಬಹುಜನರಲ್ಲಿ ಉಂಟು. ಆದರೆ ರಾಯಚೂರು ಸೀಮೆಯ ಬಹುಭಾಗದ ತಳದಲ್ಲಿರುವುದು ಗ್ರಾನೈಟು ಮತ್ತು ನೈಸು ಶಿಲೆಗಳು. ಎತ್ತರದ ದಿಣ್ಣೆಗಳಲ್ಲಿ ಆ ಶಿಲೆಯು ಕೊಳೆತು ನೀರು ಬಸಿದುಹೋಗುವ ಕೆಂಪು ಮಸಾರಿಯಾಯಿತು. ತಗ್ಗಿನಲ್ಲಿ ನೀರು ನಿಂತು, ಸುಣ್ಣವೂ ನಯವಾದ ಜೇಡಿಯೂ ಶೇಖರವಾದೆಡೆ ಎರೆಯಾಯಿತು. ಆದುದರಿಂದ ಒಂದೇ ಊರಿನ ಎರಡು ಓಣಿಗಳಲ್ಲಿ, ಕೆಲವೊಮ್ಮೆ ಒಂದೇ ಹೊಲದ ಎರಡು ತುದಿಗಳಲ್ಲಿ, ಎರಡು ಬಗೆಯ ನೆಲ ಇರುವುದು ಇಲ್ಲಿ ಆಶ್ಚರ್ಯವಲ್ಲ. ನೆರೆಮನೆಯವನ ಅನುಭವವನ್ನು ಹಾಗೆಯೇ ನಕಲು ಮಾಡುವವನು ಇಲ್ಲಿ ಮೋಸಹೋಗುತ್ತಾನೆ.

ಈ ವ್ಯತ್ಯಾಸವನ್ನು ಮೊದಲು ಅರಿತವರು ಯಾರು? ಶಿಲಾಯುಗದ ದನಗಾಹಿಗಳೆಂದು ಹೇಳಬಹುದು. 1952ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ರಾಯಚೂರು ಸೀಮೆಯ ಪಿಕ್ಲಿಹಾಳದಲ್ಲಿಯೂ, 1954ರಲ್ಲಿ ಥಾಪರ್ ಅವರು ಮಸ್ಕಿಯಲ್ಲಿಯೂ ಅಗೆತ ನಡೆಸಿ ನವಶಿಲಾಯುಗದ ಜನರ ನೆಲೆಗಳನ್ನು ತೋರಿಸಿಕೊಟ್ಟರು. ಆ ಜನರು ಗ್ರಾನೈಟಿನ ಗುಡ್ಡಗಳ ತಪ್ಪಲನ್ನೂ ಮಗ್ಗುಲನ್ನೂ ಆಶ್ರಯಿಸಿ ವಾಸವಾಗಿದ್ದರು. ನೀರು, ನೆರಳು, ರಕ್ಷಣೆ ಇವೆಲ್ಲವೂ ಅದಕ್ಕೆ ಕಾರಣಗಳಿರಬಹುದು. ಆದರೆ ಮಳೆಗಾಲದಲ್ಲಿ ಎರೆಯ ಬಯಲಿನಲ್ಲಿ ಒಮ್ಮೆ ನಡೆದು ನೋಡಿದವರಿಗೆ ಇನ್ನೊಂದು ಕಾರಣವೂ ಹೊಳೆಯದೆ ಇರದು. ಕಾಲಿಗೆ ಮಣಭಾರದ ಮಣ್ಣು ಮೆತ್ತಿಕೊಳ್ಳುವ ಆ ನೆಲವು ಬೆಳೆಗೆ ಸೈ, ಬಿಡಾರಕ್ಕಲ್ಲ. ದುಡಿಯುವುದು ಎರೆಯಲ್ಲಿ, ಮಲಗುವುದು ಗಟ್ಟಿ ನೆಲದಲ್ಲಿ ಎಂಬ ವಿವೇಕವು ಈ ನಾಡಿನಲ್ಲಿ ಅಷ್ಟು ಹಳೆಯದೆಂದು ನಾವು ಊಹಿಸುತ್ತೇವೆ. ಅದೇ ಮಸ್ಕಿಯಲ್ಲಿ ಅಶೋಕನ ಹೆಸರನ್ನುಳ್ಳ ಶಾಸನವು 1915ರಲ್ಲಿ ಬೆಳಕಿಗೆ ಬಂದುದನ್ನು ಶ್ರೋತೃಗಳು ಬಲ್ಲರು. ಅದನ್ನು ಕಂಡುಹಿಡಿದ ಬೀಡನ್ ಎಂಬಾತನು ಪಂಡಿತನಲ್ಲ, ಚಿನ್ನದ ಗಣಿಗಳ ಇಂಜಿನಿಯರು. ನೆಲವನ್ನು ನೋಡುವುದನ್ನೇ ಕಸುಬಾಗಿ ಉಳ್ಳವನ ಕಣ್ಣಿಗೆ ಚರಿತ್ರೆಯೂ ಬಿದ್ದಿತು.

ರಾಯಚೂರಿನ ಕೋಟೆಯನ್ನು ನೋಡೋಣ. 1294ರಲ್ಲಿ, ಕಾಕತೀಯರ ಕಾಲದಲ್ಲಿ, ಗೋರೆ ಗಂಗಯ್ಯ ರೆಡ್ಡಿಯ ಅಧಿಕಾರದಲ್ಲಿ ವಿಠಲನಾಥನು ಕಟ್ಟಿಸಿದುದೆಂದು ಶಾಸನವು ಹೇಳುತ್ತದೆ. ಆ ಶಾಸನವಿರುವ ಶಿಲೆಯ ಉದ್ದವು ಸುಮಾರು 41 ಅಡಿ. ಒಳಕೋಟೆಯ ಗೋಡೆಗಳಲ್ಲಿ ಗಾರೆಯಿಲ್ಲದೆಯೇ ಭಾರಿ ಚಪ್ಪಡಿಗಳನ್ನು ಒಂದರಮೇಲೊಂದು ಕೂರಿಸಿದ್ದಾರೆ. ಏಳು ನೂರು ವರ್ಷಗಳಿಗೆ ಮೀರಿ ಅವು ನಿಂತಿರುವುದಕ್ಕೆ ಕಲ್ಲಿನ ಭಾರವೊಂದೇ ಕಾರಣವಲ್ಲ. ಕೋಟೆಯು ಬಂಡೆಯ ಬೆಟ್ಟವನ್ನು ಆಶ್ರಯಿಸಿದೆ. ಕೆಳಗಿನ ನೆಲವು ಅಲುಗದಿದ್ದರೆ ಮೇಲಣ ಕಲ್ಲಿಗೆ ಸುಣ್ಣದ ಹಂಗಿಲ್ಲ. ಕೆಳಗಿನ ನೆಲವು ಅಲುಗಿದರೆ ಮೇಲಣ ಸಿಮೆಂಟೂ ಕಾಯದು.

1520ರಲ್ಲಿ ಕೃಷ್ಣದೇವರಾಯನು ಇದೇ ಕೋಟೆಯನ್ನು ಮುತ್ತಿ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿದ ವೃತ್ತಾಂತವನ್ನು ಪೋರ್ಚುಗೀಸ್ ವರ್ತಕನಾದ ನ್ಯೂನಿಜನು ವಿಸ್ತಾರವಾಗಿ ಬರೆದಿದ್ದಾನೆ. ಆ ಯುದ್ಧವು ನಡೆದುದು ಬೇಸಿಗೆಯಲ್ಲಿ. ಇದರಲ್ಲಿ ಜೋಯಿಸರ ಮುಹೂರ್ತವೆಷ್ಟೋ ಎರೆಯ ಮುಹೂರ್ತವೂ ಅಷ್ಟೇ ಇದ್ದಿರಬೇಕು. ಮಳೆ ಹಿಡಿದ ಮೇಲೆ ಈ ಬಯಲಿನಲ್ಲಿ ತೋಪಿನ ಬಂಡಿಗಳು ಅಚ್ಚಿನವರೆಗೆ ಹೂತುಹೋಗುವವು. ಗುಂಡುಗಳಿಗಿಂತಲೂ ಗೋಡೆಯ ಬುಡದಲ್ಲಿ ಹಾರೆ ಗುದ್ದಲಿಗಳನ್ನು ಹಿಡಿದವರೇ ಆ ಕೋಟೆಯನ್ನು ಹೆಚ್ಚು ಸಡಿಲಿಸಿದರೆಂಬುದು ಆ ವೃತ್ತಾಂತದಿಂದ ತಿಳಿದುಬರುತ್ತದೆ. ಬುಡವನ್ನು ಕಾಯುವವನಿಗೇ ಕೋಟೆ.

ಇನ್ನು, ಆಳುವವರು ನೆಲದ ಗುಣವನ್ನು ಬಲ್ಲವರೇ ಆಗಿದ್ದರು. ಆದರೆ ಅವರು ನೋಡಿದುದು ಕಂದಾಯದ ಕಣ್ಣಿನಿಂದ. ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ದತ್ತಿಯ ಭೂಮಿಯನ್ನು ಹೇಳುವಾಗ ಇಷ್ಟು ಮತ್ತರು ಎಂದು ಬಿಡದೆ, ಎರೆಯ ಮತ್ತರು ಎಂದು ವಿಶೇಷವಾಗಿ ಹೇಳುವುದುಂಟು. ಪಟ್ಟದಕಲ್ಲಿನ ಹಳೆಯ ಹೆಸರಾದ ಕಿಸುವೊಳಲಿನಲ್ಲಿಯೂ ಆ ಭಾಗದ ನಾಡಿನ ಹೆಸರಾದ ಕಿಸುಕಾಡಿನಲ್ಲಿಯೂ ಇರುವ ಕಿಸು ಎಂಬ ಮಾತಿಗೆ ಕೆಂಪೆಂದೇ ಅರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಈ ದೃಷ್ಟಿಯನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿದರು. 1847ರಲ್ಲಿ ಸ್ಥಿರಪಟ್ಟ ಅವರ ನಿಯಮಗಳಂತೆ ಮಣ್ಣಿನ ಬಣ್ಣ, ನಯ, ಆಳ ಇವುಗಳನ್ನು ನೋಡಿ ಭೂಮಿಗೆ ದರ್ಜೆ ಕೊಡುತ್ತಿದ್ದರು. ಒಂದು ಮುಕ್ಕಾಲು ಮೊಳ ಆಳದ ನಯವಾದ ಕಪ್ಪು ನೆಲಕ್ಕೆ ಹದಿನಾರಾಣೆಯ ಬೆಲೆ. ಆಳ ಕಡಮೆಯಾದಂತೆ, ಬಣ್ಣ ಕೆಂಪಾಗಿ ಮಣ್ಣು ಒರಟಾದಂತೆ ಬೆಲೆಯೂ ಇಳಿಯುತ್ತ ಎರಡಾಣೆಯವರೆಗೆ ಬರುತ್ತಿತ್ತು. 1853ರಿಂದ 1860ರವರೆಗೆ ಇಂಗ್ಲಿಷರ ಆಡಳಿತದಲ್ಲಿದ್ದು ಮರಳಿ ನಿಜಾಮರ ಕೈಸೇರಿದ ರಾಯಚೂರು ಸೀಮೆಯಲ್ಲಿಯೂ ಮುಂದೆ ನಡೆದ ಭೂಮಾಪನಕ್ಕೆ ಮುಂಬಯಿಯ ಪದ್ಧತಿಯೇ ಮಾದರಿಯಾಯಿತು. ಆ ಲೆಕ್ಕದಲ್ಲಿ ಎರೆಗೆ ಅಗ್ರಸ್ಥಾನ. ಅದು ಸರಿಯೇ. ಮುಂಗಾರಿನಲ್ಲಿ ನೀರು ಕುಡಿದು, ಹಿಂಗಾರಿನಲ್ಲಿ ಅದೇ ತೇವದಿಂದ ಬಿಳಿಜೋಳವನ್ನು ಬೆಳೆದುಕೊಡುವ ನೆಲ ಇನ್ನಾವುದಿದೆ? ಆದರೆ ಹದಿನಾರಾಣೆಯ ಹೊಲವು ಮನೆ ಕಟ್ಟುವವನಿಗೆ ಎರಡಾಣೆಯದು. ಎರಡಾಣೆಯ ಗರಸು ಅವನಿಗೆ ಹದಿನಾರಾಣೆಯದು. ಊರು ಬೆಳೆದು ಹೊಲಗಳು ನಿವೇಶನಗಳಾಗಿ ಮಾರಾಟವಾಗುವ ನಮ್ಮ ಕಾಲದಲ್ಲಿ ಈ ತಿರುವುಮುರುವನ್ನು ಯಾರೂ ಕೊಳ್ಳುವವನ ಕಿವಿಗೆ ಹಾಕುವುದಿಲ್ಲ.

ಇಲ್ಲಿ ನಮ್ಮ ಪ್ರಾಚೀನ ಶಾಸ್ತ್ರಗಳ ಮಾತು ಬರುತ್ತದೆ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಮನೆಯ ನೆಲವನ್ನು ಪರೀಕ್ಷಿಸುವ ಎರಡು ಉಪಾಯಗಳನ್ನು ಹೇಳಿದ್ದಾನೆ. ಒಂದು ಮೊಳದ ಗುಂಡಿ ತೋಡಿ ಅದೇ ಮಣ್ಣಿನಿಂದ ತುಂಬಿದಾಗ ಮಣ್ಣು ಮಿಕ್ಕರೆ ನೆಲ ಉತ್ತಮ, ಸಮವಾದರೆ ಮಧ್ಯಮ, ಸಾಲದಿದ್ದರೆ ಅಧಮ. ಇಲ್ಲವೆ, ಗುಂಡಿಯನ್ನು ನೀರಿನಿಂದ ತುಂಬಿ ನೂರು ಹೆಜ್ಜೆ ನಡೆದು ಮರಳಿ ಬಂದಾಗ ನೀರು ಕುಂದದೆ ಇದ್ದರೆ ನೆಲ ಒಳ್ಳೆಯದು. ಬಣ್ಣಬಣ್ಣದ ಮಣ್ಣನ್ನು ವರ್ಣಕ್ಕೊಂದರಂತೆ ಹಂಚಿದ ಭಾಗವನ್ನು ನಾವು ಬಿಟ್ಟುಬಿಡೋಣ. ಈ ಎರಡು ಪರೀಕ್ಷೆಗಳಲ್ಲಿ ಮಾತ್ರ ಪ್ರತ್ಯಕ್ಷದ ಬಲವಿದೆ. ಸಡಿಲ ಮಣ್ಣನ್ನೂ ಹುಡಿ ನೆಲವನ್ನೂ ಅವು ಕೂಡಲೆ ಹಿಡಿದುಕೊಡುತ್ತವೆ. ಆದರೆ ಅದೇ ಪರೀಕ್ಷೆಗಳನ್ನು ನೆನೆದ ಎರೆಯ ಮೇಲೆ ನಡೆಸಿದರೆ ಏನಾಗುವುದು? ತೋಡಿದ ಎರೆಯು ಹೆಂಟೆಹೆಂಟೆಯಾಗಿ ಉಬ್ಬಿ ಗುಂಡಿಗೆ ಮಿಕ್ಕುತ್ತದೆ. ನೀರು ನೂರು ಹೆಜ್ಜೆಗಲ್ಲ, ಒಂದು ಹಗಲಿಗೂ ಇಳಿಯಲೊಲ್ಲದು. ಎರಡು ಪರೀಕ್ಷೆಗಳಲ್ಲಿಯೂ ಎರೆಗೆ ಪ್ರಥಮ ದರ್ಜೆ! ಆ ದರ್ಜೆಯನ್ನು ನಂಬಿ ಕಟ್ಟಿದ ಮನೆಯು ಎರಡನೆಯ ಬೇಸಿಗೆಗೆ ಬಿರಿಯುತ್ತದೆ. ಇದು ಶಾಸ್ತ್ರಕಾರನ ದೋಷವಲ್ಲ. ಒಂದು ನೆಲದ ಸೂತ್ರವನ್ನು ಇನ್ನೊಂದು ನೆಲಕ್ಕೆ ಕಣ್ಣುಮುಚ್ಚಿ ಹಚ್ಚುವವರ ದೋಷ. ಇಂದಿನ ಇಂಗ್ಲಿಷ್ ಕೈಪಿಡಿಗಳನ್ನು ಓದುವವರಿಗೂ ಈ ಎಚ್ಚರಿಕೆ ಸಲ್ಲುತ್ತದೆ.

ಎರೆಯ ಗುಣದ ಮೂಲವು ಅದರ ಜೇಡಿಯ ಕಣಗಳಲ್ಲಿದೆ. ಕಣ್ಣಿಗೆ ಕಾಣದ ತೆಳ್ಳನೆಯ ಹಾಳೆಗಳ ಕಟ್ಟುಗಳಂತಿರುವ ಆ ಕಣಗಳ ಪದರಗಳ ನಡುವೆ ನೀರು ಸೇರಿದಾಗ ಅವು ದೂರ ಸರಿಯುತ್ತವೆ, ನೆಲವು ಉಬ್ಬುತ್ತದೆ. ನೀರು ಆರಿದಾಗ ಪದರಗಳು ಹತ್ತಿರ ಸೇರುತ್ತವೆ, ನೆಲವು ಕುಗ್ಗಿ ಬಾಯಿಬಿಡುತ್ತದೆ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಅಗಲದ ಬಿರುಕುಗಳು ಹಲವು ಅಡಿಗಳ ಆಳಕ್ಕೆ ಇಳಿಯುವುದನ್ನು ಇಲ್ಲಿ ಕಾಣಬಹುದು. ಈ ಉಬ್ಬುತಗ್ಗು ಮನೆಯ ಕೆಳಗೆ ಸಮವಾಗಿ ನಡೆದರೆ ಅಷ್ಟು ಹಾನಿಯಿಲ್ಲ. ಆದರೆ ಮನೆಯ ನಡುಭಾಗದ ನೆಲವು ನೆರಳಿನಲ್ಲಿ ತೇವವಾಗಿಯೇ ಇರುತ್ತದೆ, ಅಂಚಿನ ನೆಲವು ಬಿಸಿಲಿಗೆ ಆರುತ್ತದೆ. ಒಂದು ಮೂಲೆಯಲ್ಲಿ ಬಚ್ಚಲ ನೀರು ಹರಿದು ಉಬ್ಬುತ್ತದೆ, ಇನ್ನೊಂದು ಮೂಲೆಯಲ್ಲಿ ಬೇವಿನ ಬೇರು ತೇವವನ್ನು ಹೀರಿ ಕುಗ್ಗುತ್ತದೆ. ಗೋಡೆಯು ನಡುವೆ ಸಿಕ್ಕಿ ಒಡೆಯುತ್ತದೆ.

ಹಿಂದಿನವರ ಮಾಳಿಗೆಮನೆಗಳಲ್ಲಿ ಈ ಸಂಕಟವು ಕಡಮೆಯಾಗಿತ್ತು. ಮಣ್ಣಿನ ದಪ್ಪ ಗೋಡೆಯು ಅಲ್ಪಸ್ವಲ್ಪ ಅಲುಗಾಟವನ್ನು ತಾಳಿಕೊಳ್ಳುತ್ತಿತ್ತು, ಬಿರುಕನ್ನು ವರ್ಷಕ್ಕೊಮ್ಮೆ ಮೆತ್ತಿ ಮುಚ್ಚುತ್ತಿದ್ದರು. ಮಾಳಿಗೆಯ ಭಾರವನ್ನು ಮರದ ಕಂಬಗಳು ಹೊರುತ್ತಿದ್ದುದೂ ಉಂಟು. ಮಳೆಗಾಲಕ್ಕೆ ಮೊದಲು ಮಾಳಿಗೆಯ ಮೇಲೆ ಸವುಳು ಮಣ್ಣನ್ನು ಹರಡುತ್ತಿದ್ದರು. ಉಪ್ಪಿನ ಅಂಶದಿಂದ ಕದಡುವ ಆ ಮಣ್ಣು ಮೊದಲ ಮಳೆಗೆ ಸಂದುಗೊಂದುಗಳನ್ನೆಲ್ಲ ಮುಚ್ಚಿ ನೀರನ್ನು ತಡೆಯುತ್ತಿತ್ತು. ಬೆಳೆಗೆ ಬಾರದ ಮಣ್ಣನ್ನು ತಲೆಯ ಮೇಲಿಟ್ಟು ಕಾಪಾಡಿಸಿಕೊಂಡ ಜಾಣ್ಮೆ ಅವರದು. ಈಗಿನ ಇಟ್ಟಿಗೆ ಸಿಮೆಂಟಿನ ಮನೆಯಾದರೋ ಗಟ್ಟಿಯಾದುದು, ಆದರೆ ಬಾಗದು. ನಮ್ಮ ಮಿತ್ರರೊಬ್ಬರು ಎರೆಯ ನಿವೇಶನದಲ್ಲಿ ಮೂರಡಿಯ ಪಾಯ ಸಾಕೆಂದು ಹಟ ಹಿಡಿದಾಗ ಮುದುಕನಾದ ಗೌಂಡಿಯೊಬ್ಬನು, “ಸಾಹೇಬ್ರ, ಗರಸು ಬರೋತನಕ ತೋಡ್ರಿ. ಎರಿ ಉಸುರಾಡ್ತೈತ್ರಿ, ಅದರ ಎದಿ ಮ್ಯಾಲ ಗ್ವಾಡಿ ಇಡಬ್ಯಾಡ್ರಿ” ಎಂದನು. ನಾವೂ ಅಲ್ಲಿ ಇದ್ದೆವು. ಖರ್ಚಿನ ಲೆಕ್ಕ ಹಾಕಿ ನಾವೂ ಮಿತ್ರರ ಪಕ್ಷವನ್ನೇ ವಹಿಸಿದೆವು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಗಳಿಂದ ಮಾಳಿಗೆಯವರೆಗೆ ಬಿರುಕು ಏರಿತು. ಪಾಯದಲ್ಲಿ ಉಳಿಸಿದ ಹಣದ ಹಲವು ಪಾಲು ದುರಸ್ತಿಗೆ ಹೋಯಿತು. ಆ ಮುದುಕನ ಮಾತನ್ನು ನಾವು ಮರೆತಿಲ್ಲ.

ಅವನು ಹೇಳಿದುದು ಹೊಸದೇನೂ ಅಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಶಿಲ್ಪಿಯಾದ ವಿತ್ರೂವಿಯಸನು ಗಟ್ಟಿ ನೆಲ ಸಿಕ್ಕುವವರೆಗೆ ತೋಡಬೇಕೆಂದೂ, ಸಿಕ್ಕದಿದ್ದರೆ ಸುಟ್ಟು ಗಟ್ಟಿಮಾಡಿದ ಮರದ ಗೂಟಗಳನ್ನು ಹೊಡೆಯಬೇಕೆಂದೂ ಬರೆದನು. ನಮ್ಮ ದೇಶದಲ್ಲಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಎರೆ ನೆಲಕ್ಕಾಗಿಯೇ ಬುಡದಲ್ಲಿ ಬುಗುಟಾಗಿ ಅಗಲಿಸಿದ ಕಾಂಕ್ರೀಟಿನ ಗೂಟಗಳನ್ನು ಬಳಕೆಗೆ ತಂದರು. ಸುಮಾರು ಹನ್ನೊಂದು ಹನ್ನೆರಡು ಅಡಿಗಳ ಕೆಳಗೆ ಋತುಗಳ ತೇವವ್ಯತ್ಯಾಸ ತಟ್ಟುವುದಿಲ್ಲವೆಂಬುದೇ ಅದರ ಆಧಾರ. ಗರಸು ಹತ್ತಿರವಿದ್ದಲ್ಲಿ ಅದರವರೆಗೆ ತೋಡಿ, ಅಗೆದ ಎರೆಯನ್ನು ಮರಳಿ ತುಂಬದೆ ಮರಳು ಗರಸುಗಳನ್ನು ತುಂಬಿ ದಮ್ಮಸು ಮಾಡಬೇಕು. ಗರಸು ಬಹು ಆಳದಲ್ಲಿದ್ದರೆ ಗೂಟಗಳನ್ನು ಇಳಿಸಿ ಮೇಲೆ ತೊಲೆಗಳನ್ನು ಕೂಡಿಸಬೇಕು. ಮನೆಯ ಸುತ್ತ ಇಳಿಜಾರಾದ ಕಟ್ಟೆ ಕಟ್ಟಿ ಮಳೆನೀರನ್ನು ದೂರ ಹರಿಸಬೇಕು. ದೊಡ್ಡ ಮರಗಳನ್ನು ಗೋಡೆಗೆ ದೂರವಾಗಿ ನೆಡಬೇಕು.

ಎರಡನೆಯದು ಗುಂಡಿಯ ಮಾತು. ನಮ್ಮ ಹಿರಿಯರು ನೆಲದೊಳಗೆ ತೋಡಿದ ಪ್ರಸಿದ್ಧವಾದ ಗುಂಡಿ ಹಗೇವು. ಗಟ್ಟಿಯಾದ ಒಣ ನೆಲವನ್ನು ಆರಿಸಿ, ಒಳಗೆ ಜೋಳದ ಸೊಪ್ಪೆ ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆಗೆಯುವಾಗ ಒಳಗಿನ ಕೆಟ್ಟ ಗಾಳಿಯನ್ನು ದೀಪ ಇಳಿಸಿ ಪರೀಕ್ಷಿಸುತ್ತಿದ್ದರು. ಹಗೇವಿಗೆ ಬೇಕಾದುದು ನೀರನ್ನು ಒಳಗೆ ಬಿಡದ ನೆಲ. ಶೌಚದ ಇಂಗುಗುಂಡಿಗೆ ಬೇಕಾದುದು ಅದಕ್ಕೆ ತದ್ವಿರುದ್ಧ: ನೀರನ್ನು ಹೊರಗೆ ಬಿಡುವ ನೆಲ. 2014ರಿಂದೀಚೆಗೆ ಸ್ವಚ್ಛ ಭಾರತದ ಆಂದೋಲನದಿಂದ ಹಳ್ಳಿಹಳ್ಳಿಯಲ್ಲಿಯೂ ಶೌಚಾಲಯಗಳು ಎದ್ದಿರುವುದು ಸಂತೋಷದ ಸಂಗತಿ. ಎರಡು ಗುಂಡಿಗಳನ್ನು ಒಂದಾದಮೇಲೊಂದರಂತೆ ಬಳಸುವ ಪದ್ಧತಿಯು ಮಸಾರಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಎರೆಯಲ್ಲಿ ಅದೇ ನಕ್ಷೆಯ ಗುಂಡಿಯು ಮಳೆಗಾಲಕ್ಕೆ ತುಂಬಿ ತುಳುಕುತ್ತದೆ; ಮನೆಯವರು ಬೇಸತ್ತು ಮತ್ತೆ ತಂಬಿಗೆ ಹಿಡಿಯುತ್ತಾರೆ. ಆಗ ಜನರ ಅಭ್ಯಾಸವನ್ನು ಹಳಿಯುವವರೇ ಬಹಳ, ನೆಲವನ್ನು ವಿಚಾರಿಸುವವರಿಲ್ಲ.

ಇದಕ್ಕೆ ಪರೀಕ್ಷೆಯು ಸುಲಭವಾಗಿದೆ. ಗುಂಡಿ ಬರುವ ಆಳದಲ್ಲಿ ಒಂದು ಅಡಿಯ ಕುಳಿ ತೋಡಿ ನೀರು ತುಂಬಿ, ರಾತ್ರಿಯೆಲ್ಲ ನೆನೆಯಲು ಬಿಡಬೇಕು. ಮರುದಿನ ಮತ್ತೆ ನೀರು ಹಾಕಿ ಒಂದು ಅಂಗುಲ ಇಳಿಯಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನು ನೋಡಬೇಕು. ಅರ್ಧ ಗಂಟೆಯೊಳಗೆ ಇಳಿದರೆ ಗುಂಡಿ ನಡೆಯುತ್ತದೆ. ಒಂದು ಗಂಟೆಗೂ ಮೀರಿದರೆ ನಡೆಯದು. ರಾತ್ರಿಯ ನೆನೆತವನ್ನು ಮಾತ್ರ ಬಿಡಕೂಡದು. ಬೇಸಿಗೆಯ ಎರೆಯು ತನ್ನ ಬಿರುಕುಗಳಿಂದ ಕೊಡಗಟ್ಟಲೆ ನೀರನ್ನು ನುಂಗಿ ನಮ್ಮನ್ನು ವಂಚಿಸುತ್ತದೆ. ನೆನೆದು ಉಬ್ಬಿ ಬಿರುಕುಗಳು ಮುಚ್ಚಿದ ಮೇಲೆಯೇ ಅದರ ನಿಜವಾದ ಗುಣ ತಿಳಿಯುವುದು. ವರಾಹಮಿಹಿರನ ನೀರಿನ ಕುಳಿಯೇ ಇಲ್ಲಿ ಮರಳಿ ಬಂದಿರುವುದನ್ನು ಶ್ರೋತೃಗಳು ಗಮನಿಸಿರಬಹುದು. ಅವನಿಗೆ ನಿಂತ ನೀರು ಶುಭ, ನಮಗೆ ಇಳಿದ ನೀರು ಶುಭ. ಎರೆಯಲ್ಲಿ ಗುಂಡಿಯ ಸುತ್ತ ದಪ್ಪವಾಗಿ ಮರಳು ತುಂಬುವುದು, ನೀರನ್ನು ಉದ್ದವಾದ ಕಾಲುವೆಗಳಲ್ಲಿ ಹಂಚಿ ಬಾಳೆ ಮೊದಲಾದ ಗಿಡಗಳಿಗೆ ಉಣಿಸುವುದು, ಇಲ್ಲವೆ ತಳವುಳ್ಳ ತೊಟ್ಟಿ ಕಟ್ಟಿ ಕಾಲಕಾಲಕ್ಕೆ ಯಂತ್ರದಿಂದ ತೆಗೆಯಿಸುವುದು ದಾರಿ. ಮಸಾರಿಯಲ್ಲಿ ಅಪಾಯವು ಬೇರೆ: ನೀರು ಬೇಗನೆ ಇಳಿದು ಬಾವಿಯನ್ನು ಸೇರಬಹುದು. ಆದುದರಿಂದ ಬಾವಿಗೂ ಗುಂಡಿಗೂ ಮೂವತ್ತು ಅಡಿಗಳಿಗಿಂತ ಹೆಚ್ಚು ಅಂತರವಿರಲೇಬೇಕು.

ಮೂರನೆಯ ನೆಲವಾದ ಸವುಳಿನ ಕಥೆಯು ದುಃಖದ ಕಥೆ. ಹಿಂದೆ ಅದು ಅಲ್ಲಲ್ಲಿ ಕಾಣುವ ತೇಪೆಯಾಗಿತ್ತು. ಅಗಸರು ಬಟ್ಟೆಗೂ, ಉಪ್ಪಾರರು ಉಪ್ಪಿಗೂ ಅದನ್ನು ಬಳಸುತ್ತಿದ್ದರು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರೆಯ ಅಣೆಕಟ್ಟಿನಿಂದ 1953ರಲ್ಲಿ ನೀರು ಬಂದಿತು. ಬರಗಾಲದಿಂದ ಬೆಂದ ಈ ಸೀಮೆಗೆ ಅದು ವರವೇ ಸರಿ. ಎಡದಂಡೆಯ ಕಾಲುವೆಯನ್ನು ಯೋಜಿಸಿದವರು ಬಹು ವಿಸ್ತಾರವಾದ ಭೂಮಿಗೆ ತೆಳ್ಳಗೆ ನೀರು ಹಂಚಿ ಜೋಳ ಹತ್ತಿಗಳನ್ನು ಕಾಪಾಡಬೇಕೆಂದು ಬಗೆದಿದ್ದರು. ಆದರೆ ಕಾಲುವೆಯ ತಲೆಗೆ ಹತ್ತಿರವಿದ್ದವರು ಬತ್ತ ಬೆಳೆದರು. ಬಸಿಯದ ಎರೆಯಲ್ಲಿ ನೀರು ನಿಂತು, ತಳದ ಉಪ್ಪು ಮೇಲೇರಿ, ಸಿಂಧನೂರು ಮಾನ್ವಿಗಳ ಕಡೆ ಒಳ್ಳೆಯ ಹೊಲಗಳು ಸವುಳಾದವು. ಕೊನೆಯಂಚಿನವರು ನೀರಿಲ್ಲದೆ ಕಾದರು. ನೆಲದ ನೀರು ಮೇಲೆ ಬಂದೆಡೆ ಹಗೇವಿಗೂ ಎಡೆಯಿಲ್ಲ, ಇಂಗುಗುಂಡಿಗೂ ಎಡೆಯಿಲ್ಲ. ಗೋಡೆಯ ಬುಡದಲ್ಲಿ ಉಪ್ಪು ಅರಳಿ ಗಾರೆ ಉದುರುತ್ತದೆ. ನೀರು ತರುವುದನ್ನು ಕಲಿತಷ್ಟು ನೀರು ಬಸಿಯುವುದನ್ನು ನಾವು ಕಲಿಯಲಿಲ್ಲ.

ಕೈದೋಟದ ವಿಷಯವಾಗಿ ಎರಡು ಮಾತು. ಮಸಾರಿಯು ಹಸಿದ ನೆಲ: ಗೊಬ್ಬರವನ್ನೂ ನೀರನ್ನೂ ಹಿಡಿದಿಡದು. ಅದಕ್ಕೆ ಹಿರಿಯರು ಕಂಡ ಔಷಧವು ಕೆರೆಯ ಹೂಳು. ಕೆರೆಯೂ ಹಸನಾಗುತ್ತಿತ್ತು, ಹೊಲವೂ ಹಸನಾಗುತ್ತಿತ್ತು. ಎರೆಗೆ ಬೇಕಾದುದು ಗಾಳಿ. ಏರುಮಡಿ ಮಾಡಿ, ಎಲೆಗೊಬ್ಬರ ಬೆರೆಸಿ, ಹಸಿಯಾಗಿರುವಾಗ ತುಳಿಯದೆ, ಮೇಲೆ ಮರಳನ್ನೋ ಒಣಹುಲ್ಲನ್ನೋ ಹೊದಿಸಿದರೆ ಬಿರುಕು ತಗ್ಗುತ್ತದೆ. ಯಲಬುರ್ಗಾ ಕುಕನೂರುಗಳ ಕಡೆಯ ರೈತರು ಎರೆಯ ಹೊಲಕ್ಕೆ ಮರಳು ಹೊದಿಸುವುದು ಇದೇ ತತ್ತ್ವದಿಂದ. ಎರೆಯ ಸುಣ್ಣದಿಂದ ನಿಂಬೆಯ ಎಲೆ ಹಳದಿಗಟ್ಟಿದರೆ ಅದು ಗೊಬ್ಬರದ ಕೊರತೆಯೆಂದು ತಿಳಿಯಕೂಡದು. ಕಬ್ಬಿಣದ ಅಂಶವು ಬೇರಿಗೆ ದೊರೆಯದುದೇ ಬಹುಮಟ್ಟಿಗೆ ಕಾರಣ. ಕ್ಷಾರ ಹತ್ತಿದ ಸವುಳಿಗೆ ಜಿಪ್ಸಮ್ಮು ಮದ್ದು. ಆದರೆ ಬಸಿಗಾಲುವೆಯಿಲ್ಲದೆ ಅದನ್ನು ಸುರಿದರೆ ಹಣವೇ ಕರಗುವುದು, ಉಪ್ಪಲ್ಲ.

ಇಷ್ಟನ್ನೂ ಹೇಳಿ ನಾವು ಕೇಳಿಕೊಳ್ಳುವುದು ಒಂದೇ. ಗುಂಜಹಳ್ಳಿಯಲ್ಲಾಗಲಿ, ಬೇರಾವ ಹಳ್ಳಿಯಲ್ಲಾಗಲಿ, ನಿವೇಶನ ಕೊಳ್ಳುವುದಕ್ಕೆ ಮೊದಲು ಒಂದು ಆಳಿನ ಆಳಕ್ಕೆ ಒಂದು ಗುಂಡಿ ತೋಡಿಸಿರಿ. ಎಷ್ಟು ಅಡಿಗೆ ಬಣ್ಣ ಬದಲಾಯಿತು, ಎಲ್ಲಿ ಸುಣ್ಣದ ಕಲ್ಲು ಸಿಕ್ಕಿತು, ಎಲ್ಲಿ ಗರಸು ಹತ್ತಿತು ಎಂಬುದನ್ನು ಬರೆದಿಡಿರಿ. ಆ ಓಣಿಯಲ್ಲಿ ಬಾವಿ ತೋಡಿದ ಮುದುಕನೊಬ್ಬನಿದ್ದರೆ ಅವನನ್ನು ಕರೆದು ಗುಂಡಿಯ ಅಂಚಿನಲ್ಲಿ ಕೂಡಿಸಿ ಮಾತಾಡಿಸಿರಿ. ಅರಸರು ಈ ನೆಲವನ್ನು ಗೆದ್ದರು, ಕಳೆದುಕೊಂಡರು. ಅಧಿಕಾರಿಗಳು ಅದನ್ನು ಆಣೆಗಳಲ್ಲಿ ಅಳೆದರು. ಅದರೊಡನೆ ಬಾಳಿದವರು ಮಾತ್ರ ಅದಕ್ಕೆ ಹೆಸರುಗಳನ್ನಿಟ್ಟರು. ಎರೆ, ಮಸಾರಿ, ಸವುಳು, ಗರಸು ಎಂಬ ಆ ನಾಲ್ಕು ಮಾತುಗಳ ಅರ್ಥವು ನಮ್ಮ ಮಕ್ಕಳಿಗೆ ತಿಳಿದಿರುವವರೆಗೆ ನಮ್ಮ ಮನೆಗಳ ಬುಡವು ಭದ್ರವಾಗಿರುವುದು.